ಚಕ್ರಕ್ಕೆಷ್ಟು, ಹೊಳಪಿಗೆಷ್ಟು

ನನ್ನ ಫೋಕ್ಸ್‌ವ್ಯಾಗನ್ ಪೋಲೊಗೆ ಟ್ರ್ಯಾಕ್‌ಗೆಂದೇ ಇನ್ನೊಂದು ಸೆಟ್ ಚಕ್ರ ಬೇಕೆಂದು ತೀರ್ಮಾನವಾದಾಗ 90,000 ರೂಪಾಯಿ ಎತ್ತಿಟ್ಟಿದ್ದೆ. ಟೈರಿನ ಲೆಕ್ಕ ಬೇರೆ. ಈ ದುಡ್ಡಿನಲ್ಲಿ ಚಕ್ರ, ಬೋಲ್ಟು, ಬ್ಯಾಲೆನ್ಸಿಂಗು, ಜತೆಗೆ ಈಗ ಎಲ್ಲರ ಬಾಯಲ್ಲೂ ಇರುವ ಸೆರಾಮಿಕ್ ಕೋಟಿಂಗು ಎಲ್ಲ ಮುಗಿಯಬೇಕಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ನಾಲ್ಕು ಅಲಾಯ್‌ಗಳು 25,000ಕ್ಕೂ ಇವೆ, ಮೂರು ಲಕ್ಷಕ್ಕೂ ಇವೆ. ಹತ್ತು ಅಡಿ ದೂರ ನಿಂತು ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಎಷ್ಟು ಕೊಡಬೇಕು, ಕಾಣುವ ಹೊಳಪಿಗೆ ಎಷ್ಟು ಸಾಕು ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಅವರಿಗೆ ಎರಡನೆಯದರಲ್ಲೇ ಲಾಭ.

ಕರ್ನಾಟಕದಲ್ಲಿ ಕಾರು ಓಡಿಸುವಂಥ ದೊಡ್ಡ ರೇಸ್ ಟ್ರ್ಯಾಕ್ ಇಲ್ಲ. ನಮ್ಮವರು ಹೋಗುವುದು ತಮಿಳುನಾಡಿಗೆ. ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ 3.717 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ, ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ 2.1 ಕಿ.ಮೀ.ಯ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮೊದಲನೆಯದು ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ನನಗೆ ಅದೇ ಅನುಕೂಲ. ಹಿಂದಿನ ಸೀಟು ಮಡಚಿ, ಹಳೆಯ ಬೆಡ್‌ಶೀಟ್ ಸುತ್ತಿದ ನಾಲ್ಕು ಚಕ್ರಗಳನ್ನು ತುರುಕಿಕೊಂಡು ಹೋಗಿ, ಅಲ್ಲೇ ಜ್ಯಾಕ್ ಹಾಕಿ ಬದಲಿಸುತ್ತೇನೆ. ಹೋಗಿಬರುವ ದಾರಿಗೆ ರಸ್ತೆ ಟೈರು, ಟ್ರ್ಯಾಕ್‌ಗೆ ಮಾತ್ರ ಮೆತ್ತನೆಯ ಅಂಟು ಟೈರು. ಬೇರೆ ಸೆಟ್ ಇಟ್ಟುಕೊಳ್ಳುವ ನಿಜವಾದ ಕಾರಣ ಇದೇ: ಅಷ್ಟು ದುಬಾರಿ ಟೈರನ್ನು ಕೃಷ್ಣಗಿರಿಯ ಹೆದ್ದಾರಿಯಲ್ಲಿ ಸವೆಸುವುದಕ್ಕಿಂತ ಚಕ್ರಕ್ಕೆ ಒಂದು ಸಲ ದುಡ್ಡು ಹಾಕುವುದೇ ಅಗ್ಗ.

ಚಕ್ರದ ವ್ಯಾಪಾರದಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿಸುವ ಮಾತು ತೂಕದ್ದು. ಜಪಾನಿನ ರೇಸ್ (Rays) ಎಂಬ ಕಂಪನಿ 1996ರಲ್ಲಿ ತಂದ ಟಿಇ37 ಎಂಬ ಆರು ಕಡ್ಡಿಯ ಚಕ್ರದ ಹೆಸರಿನಲ್ಲಿರುವ 37, ಅದರ 15 ಇಂಚಿನ ಮಾದರಿಯ 3.7 ಕೆ.ಜಿ. ತೂಕದಿಂದ ಬಂದದ್ದು. ಅದನ್ನು ನೋಡಿ ಅಚ್ಚು ಹೊಡೆದ ನಕಲುಗಳು ಜಗತ್ತಿನ ಎಲ್ಲ ಊರಲ್ಲೂ ಸಿಗುತ್ತವೆ. ಆಕಾರವನ್ನಷ್ಟೇ ಕದಿಯಬಹುದು, ತೂಕವನ್ನು ಕದಿಯಲಾಗುವುದಿಲ್ಲ. ನಾನು ಲಗೇಜ್ ತೂಗುವ ಕೈತಕ್ಕಡಿಯೊಂದನ್ನು ಜೇಬಲ್ಲಿಟ್ಟುಕೊಂಡೇ ಅಂಗಡಿಗಳನ್ನು ಸುತ್ತಿದೆ. ಪೋಲೊದ ಜತೆ ಬಂದಿದ್ದ 15 ಇಂಚಿನ ಅಲಾಯ್ ಎಂಟು ಕೆ.ಜಿ.ಗೆ ಹತ್ತಿರ ತೂಗಿತ್ತು. ‘ರೇಸಿಂಗ್ ವೀಲ್ ಸಾರ್, ಹಗುರ’ ಎಂದು ತೋರಿಸಿದ 16 ಇಂಚಿನ ನಕಲು ಅದಕ್ಕಿಂತ ಭಾರವಿತ್ತು. ತಕ್ಕಡಿ ನೋಡಿದ ಅಂಗಡಿಯವರಿಗೆ ನಗು. ‘ಸಾರ್, ಇಲ್ಲಿ ಯಾರೂ ವೀಲ್ ತೂಗಿ ತಗೊಳಲ್ಲ’ ಅಂದರು. ಬೇಸರವಿಲ್ಲದೆ ಇನ್ನೂ ನಾಲ್ಕು ತೋರಿಸಿದರು, ಪಾಪ.

ಹಗುರ ಚಕ್ರದಿಂದ ಎಷ್ಟು ಲಾಭ? ಚಕ್ರದಲ್ಲಿ ಒಂದು ಕೆ.ಜಿ. ಇಳಿಸಿದರೆ ಬಾಡಿಯಲ್ಲಿ ಹತ್ತು ಕೆ.ಜಿ. ಇಳಿಸಿದಂತೆ ಎಂದು ಹೇಳುವವರಿದ್ದಾರೆ. ವೇಗ ಹೆಚ್ಚಿಸುವ, ತಗ್ಗಿಸುವ ಮಟ್ಟಿಗೆ ಈ ಲೆಕ್ಕ ಸುಳ್ಳು. ತಿರುಗುವ ವಸ್ತುವಿನ ತೂಕವೆಲ್ಲ ಟೈರಿನ ಅಂಚಿನಲ್ಲೇ ಇದ್ದರೂ ಅದು ಎರಡು ಪಟ್ಟಿಗಿಂತ ಹೆಚ್ಚು ಭಾರವಾಗಿ ವರ್ತಿಸುವುದಿಲ್ಲ. ಚಕ್ರದ ತೂಕ ಅದಕ್ಕಿಂತ ಒಳಗೇ ಇರುವುದರಿಂದ ಇನ್ನೂ ಕಡಿಮೆ. ಅಂದರೆ ಒಂದೊಂದು ಚಕ್ರದಲ್ಲಿ ಎರಡು ಕೆ.ಜಿ. ಉಳಿಸಿದರೆ ಹೆಚ್ಚೆಂದರೆ ಹದಿನಾರು ಕೆ.ಜಿ.ಯ ಲಾಭ. ಟ್ರ್ಯಾಕ್‌ಗಿಳಿಯುವ ಮುಂಚೆ ಸ್ಟೆಪ್ನಿ ತೆಗೆದಿಟ್ಟರೆ ಹೆಚ್ಚುಕಡಿಮೆ ಅಷ್ಟೇ ತೂಕ ಬಿಟ್ಟಿಯಾಗಿ ಇಳಿಯುತ್ತದೆ. ಆದರೆ ಸ್ಪ್ರಿಂಗಿನ ಕೆಳಗಿರುವ ಭಾರ ಕಡಿಮೆಯಾದಷ್ಟೂ ಟೈರು ಉಬ್ಬುತಗ್ಗಿನಲ್ಲಿ ನೆಲ ಬಿಡುವುದಿಲ್ಲ. ಆ ಗುಣ ಸ್ಟೆಪ್ನಿ ತೆಗೆದರೆ ಬರುವಂಥದ್ದಲ್ಲ. ಹಾಗಾಗಿ ಆರು ಕೆ.ಜಿ.ಯ ಚಕ್ರಕ್ಕೆ ದುಡ್ಡು ಕೊಡಬಹುದು ಅನ್ನಿಸಿತು. ಅಲ್ಲಿಂದ ಮುಂದೆ ಒಂದೊಂದು ಕೆ.ಜಿ. ಇಳಿಸುವುದಕ್ಕೂ ಬೀಳುವ ಬೆಲೆ ರೇಸ್ ಗೆಲ್ಲುವವರ ಲೆಕ್ಕಕ್ಕೆ ಸೇರಿದ್ದು, ಸಂಬಳದಲ್ಲಿ ಬದುಕುವ ನನ್ನಂಥವನದಲ್ಲ.

ತಯಾರಿಕೆಯಲ್ಲಿ ಸ್ಥೂಲವಾಗಿ ಮೂರು ಬಗೆ. ಕರಗಿದ ಅಲ್ಯೂಮಿನಿಯಮ್ಮನ್ನು ಅಚ್ಚಿಗೆ ಸುರಿದದ್ದು ಕ್ಯಾಸ್ಟ್. ಸುರಿದ ಮೇಲೆ ಹೊರಬಳೆಯನ್ನು ಬಿಸಿಯಲ್ಲಿ ತಿರುಗಿಸುತ್ತಾ ಉರುಳೆಗಳಿಂದ ಒತ್ತಿ ತೆಳ್ಳಗೆ ಎಳೆದದ್ದು ಫ್ಲೋ ಫಾರ್ಮ್ಡ್. ಗಟ್ಟಿ ದಿಮ್ಮಿಯನ್ನೇ ಭಾರಿ ಒತ್ತಡದಲ್ಲಿ ಬಡಿದು ರೂಪಿಸಿದ್ದು ಫೋರ್ಜ್ಡ್. ಕೊನೆಯದು ಕಿಸೆಗೆ ನಿಲುಕದು, ನಡುವಿನದೇ ಸರಿ. ಬಗೆ ಯಾವುದೇ ಇರಲಿ, ಚಕ್ರ ತಿರುಗಿಸಿ ಹಿಂಬದಿ ನೋಡಬೇಕು. ಜಪಾನಿನವಾದರೆ ಜೆಡಬ್ಲ್ಯೂಎಲ್, ವಿಐಎ ಗುರುತುಗಳು ಲೋಹದಲ್ಲೇ ಮೂಡಿರುತ್ತವೆ. ನಮ್ಮಲ್ಲಿ ಐಎಸ್ 16192 ಮಾನದಂಡ ಇದೆ. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಆದೇಶದಲ್ಲಿ ವಾಹನಗಳ ರಿಮ್‌ಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿತು. ಚಕ್ರ ಹೊರಬಲ್ಲ ಗರಿಷ್ಠ ಭಾರವನ್ನೂ ಕೆ.ಜಿ.ಯಲ್ಲಿ ಕೆತ್ತಿರುತ್ತಾರೆ. ಕಾರಿನ ಒಂದು ಆಕ್ಸಲ್ ಹೊರುವ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಹೆಚ್ಚಿರಬೇಕು. ಸ್ಟಿಕ್ಕರ್ ಅಂಟಿಸಿದ ಗುರುತನ್ನು ನಂಬುವಂತಿಲ್ಲ.

ಇನ್ನು ಕೂರುವಿಕೆ. ಪೋಲೊದ ಬೋಲ್ಟ್ ವೃತ್ತ 5x100, ನಡುವಿನ ತೂತು 57.1 ಮಿ.ಮೀ. ಸ್ಕೋಡಾ ರ‍್ಯಾಪಿಡ್, ವೆಂಟೊ, ಈಗಿನ ವರ್ಟಸ್, ಸ್ಲಾವಿಯಾಗಳಿಗೂ ಇದೇ ಅಳತೆ. ನಾಳೆ ಮಾರಬೇಕೆಂದರೆ ಕೊಳ್ಳುವವರಿದ್ದಾರೆ ಎಂಬುದೂ ನನ್ನ ಲೆಕ್ಕದಲ್ಲಿತ್ತು. ಹಳೆಯ 6 ಇಂಚು ಅಗಲದ ಬದಲು 7 ಇಂಚಿನದು ಹಾಕಿದರೆ, ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕಿರುವ ದೂರ) ಅಷ್ಟೇ ಇದ್ದರೂ, ಚಕ್ರ ಒಳಗೂ ಹೊರಗೂ 12.7 ಮಿ.ಮೀ. ಬೆಳೆಯುತ್ತದೆ, ಒಳಗೆ ಸಸ್ಪೆನ್ಷನ್‌ಗೆ, ಹೊರಗೆ ಫೆಂಡರಿಗೆ ತಾಗದಂತೆ ನೋಡಬೇಕು. ಟೈರು 185/60ರಿಂದ 195/55ಕ್ಕೆ ಬಂದರೆ ಎತ್ತರದಲ್ಲಿ ಹೆಚ್ಚುಕಡಿಮೆ ಎಂಟು ಮಿ.ಮೀ. ಇಳಿಕೆ, ಅದರಿಂದೇನೂ ತೊಂದರೆಯಿಲ್ಲ. ಮುಖ್ಯವಾದದ್ದು ಬೋಲ್ಟು. ಫೋಕ್ಸ್‌ವ್ಯಾಗನ್ನಿನ ಬೋಲ್ಟ್ ಕೂರುವ ಜಾಗ ಗುಂಡು, ಹೊರಗಿನ ಬಹುಪಾಲು ಚಕ್ರಗಳದು 60 ಡಿಗ್ರಿಯ ಕೋನ್. ಹಳೆ ಬೋಲ್ಟನ್ನೇ ಹಾಕಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗಿರುತ್ತದೆ. ಟ್ರ್ಯಾಕ್‌ನಲ್ಲಿ ಅದು ಸಡಿಲವಾಗುವ ಜಾಗವನ್ನು ಮಾತ್ರ ನಾವು ಆರಿಸುವಂತಿಲ್ಲ. ನಡುವಿನ ತೂತು ದೊಡ್ಡದಿದ್ದರೆ ಹಾಕುವ ಉಂಗುರವೂ ಪ್ಲಾಸ್ಟಿಕ್ಕಿನದಾಗದೆ ಅಲ್ಯೂಮಿನಿಯಮ್ಮಿನದಾಗಿರಬೇಕು. ಬ್ರೇಕಿನ ಕಾವಿಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿಸಿದೆ: ಟೈರಿಲ್ಲದ ಬೋಳು ಚಕ್ರವನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ ತಿರುಗಿಸುವುದು. ಅಂಚು ಕುಣಿಯದೆ ತಿರುಗಿದರೆ ಸರಿ. ‘ಅಣ್ಣ, ಒಂದೊಂದಾಗಿ ನಾಲ್ಕೂ ತಿರುಗ್ಸಿಬಿಡಿ, ಅದರ ಕೂಲಿ ಬೇರೆ ಕೊಡ್ತೀನಿ’ ಅಂದೆ. ಹಾಗೆ ಆರಿಸಿದ ಚಕ್ರಗಳಿಗೆ 64,000 ಆಯಿತು. ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಅಂದರು, ಒಪ್ಪಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೆಯ ದರದಲ್ಲಿ ಇದೇ ಬಿಲ್ಲು ಐದು ಸಾವಿರಕ್ಕೂ ಹೆಚ್ಚು ಏರುತ್ತಿತ್ತು. ಬಿಲ್ಲಿಲ್ಲದಿದ್ದರೆ ವಾರಂಟಿಯೂ ಇಲ್ಲ, ವಿಮೆಯವರಿಗೆ ತೋರಿಸಲು ಪುರಾವೆಯೂ ಇಲ್ಲ.

ಬಣ್ಣ ಆರಿಸುವಾಗ ಮನೆಯವರೆಲ್ಲ ಕಪ್ಪು ಎಂದರು. ನಾನು ಬೆಳ್ಳಿ ಬಣ್ಣದ್ದು ತಂದೆ. ಟ್ರ್ಯಾಕ್ ಚಕ್ರದ ಆಯುಷ್ಯ ಮುಗಿಯುವುದು ಹೆಚ್ಚಾಗಿ ಬಿರುಕಿನಿಂದ. ಪ್ರತಿ ತಿರುವಿನಲ್ಲೂ ಕಡ್ಡಿಗಳು ಬಗ್ಗಿ ನೆಟ್ಟಗಾಗುತ್ತವೆ, ಬ್ರೇಕ್ ಹಿಡಿದಾಗಲೆಲ್ಲ ಕಾಯುತ್ತವೆ, ಅಂಚಿನ ಕರ್ಬ್ ಹತ್ತಿಸಿದಾಗ ಪೆಟ್ಟು ಬೀಳುತ್ತದೆ. ಬಿರುಕು ಸಾಮಾನ್ಯವಾಗಿ ಕಡ್ಡಿಯ ಹಿಂಬದಿಯಲ್ಲೋ ಹೊರಬಳೆಯ ಒಳಮುಖದಲ್ಲೋ ಕೂದಲೆಳೆಯಂತೆ ಶುರುವಾಗುತ್ತದೆ. ಬೆಳ್ಳಿಯ ಮೇಲೆ ಆ ಕಪ್ಪು ಗೆರೆ ಕಾಣುತ್ತದೆ. ಕಪ್ಪಿನ ಮೇಲೆ ಟಾರ್ಚ್ ಬಿಟ್ಟರೂ ಕಾಣುವುದು ಕಷ್ಟ.

ಕೋಟಿಂಗ್ ನನಗೆ ಅರ್ಥವಾದದ್ದು ಬಿರುಕು ಹುಡುಕುವ ಈ ಕೆಲಸದಿಂದಲೇ. ಅಂಗಡಿಯಲ್ಲಿ ಅದನ್ನು ರಕ್ಷಾಕವಚ ಎಂಬಂತೆ ಮಾರುತ್ತಾರೆ. ಅದು ಸಿಲಿಕಾ ಮೂಲದ ಒಂದು ದ್ರಾವಣ. ಒಣಗಿದ ಮೇಲೆ ಅದರ ದಪ್ಪ ಕೆಲವೇ ಮೈಕ್ರಾನ್. ಕಾರಿನ ಪೇಂಟು ನೂರು ಮೈಕ್ರಾನ್ ಆಸುಪಾಸು ಇದ್ದೂ ಕಲ್ಲಿನೇಟಿಗೆ ಎದ್ದುಹೋಗುವಾಗ ಇದೇನು ತಡೆದೀತು? ಬಾಟಲಿಯ ಮೇಲಿನ ‘9ಎಚ್’ ಪೆನ್ಸಿಲ್‌ನಿಂದ ಗೀರಿ ನೋಡುವ ಪರೀಕ್ಷೆಯ ಅಂಕ, ವಜ್ರದ ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾವಿರ ಡಿಗ್ರಿ ತಾಳುತ್ತದೆ ಎಂದು ಬರೆದ ಬಾಟಲಿಯನ್ನೂ ನೋಡಿದ್ದೇನೆ. 660 ಡಿಗ್ರಿಗೆ ಅಲ್ಯೂಮಿನಿಯಂ ಕರಗಿರುತ್ತದೆ. ಆಮೇಲೆ ಕೋಟಿಂಗ್ ಉಳಿದು ಮಾಡುವುದೇನು?

ಅದು ಮಾಡುವ ಕೆಲಸ ಬೇರೆಯೇ ಇದೆ. ಬ್ರೇಕ್ ಪ್ಯಾಡಿನಿಂದ, ಡಿಸ್ಕಿನಿಂದ ಸವೆದ ಕಬ್ಬಿಣದ ಪುಡಿ ಬಿಸಿಬಿಸಿಯಾಗಿ ಹಾರಿ ಪೇಂಟಿನಲ್ಲಿ ನಾಟಿಕೊಳ್ಳುತ್ತದೆ, ನೀರು ಬಿದ್ದ ಮೇಲೆ ತುಕ್ಕು ಹಿಡಿದು ಒಳಗಿಳಿಯುತ್ತದೆ. ಟ್ರ್ಯಾಕ್ ಪ್ಯಾಡ್‌ಗಳಲ್ಲಿ ಲೋಹದ ಪಾಲು ಹೆಚ್ಚು, ಪುಡಿಯೂ ಹೆಚ್ಚು. ಕೋಟಿಂಗ್ ಇದ್ದರೆ ಎಣ್ಣೆ ಸವರಿದ ಕಾವಲಿಯಿಂದ ದೋಸೆ ಎದ್ದ ಹಾಗೆ ಅದರ ಬಹುಭಾಗ ಶಾಂಪೂ ನೀರಿಗೇ ಎದ್ದುಬರುತ್ತದೆ. ಇಲ್ಲದಿದ್ದರೆ ಹಚ್ಚಿದೊಡನೆ ನೇರಳೆ ಬಣ್ಣಕ್ಕೆ ತಿರುಗುವ, ಕೊಳೆತ ಮೊಟ್ಟೆಯ ವಾಸನೆಯ ಐರನ್ ರಿಮೂವರ್ ಪ್ರತಿ ಸಲವೂ ಬೇಕು. ಒಳಮುಖ ಸ್ವಚ್ಛವಿದ್ದರೆ ಬಿರುಕು ಹುಡುಕುವುದು ಸುಲಭ, ಸುಲಭವಿದ್ದ ಕೆಲಸವನ್ನು ನಾನು ತಪ್ಪದೆ ಮಾಡುತ್ತೇನೆ. ನಾನು ದುಡ್ಡು ಕೊಟ್ಟದ್ದು ಇದಕ್ಕೆ.

ಒಂದು ಡೀಟೇಲಿಂಗ್ ಸ್ಟುಡಿಯೊದಲ್ಲಿ ಕೇಳಿದರೆ, ಚಕ್ರ ಬಿಚ್ಚದೆ ಮುಖಕ್ಕೆ ಮಾತ್ರ ಹಚ್ಚುವುದಾದರೆ ಒಂದು ದರ, ಬಿಚ್ಚಿ ಒಳಗೂ ಹಚ್ಚುವುದಾದರೆ 12,000. ಮುಖಕ್ಕೆ ಮಾತ್ರ ಹಚ್ಚುವುದು ಟ್ರ್ಯಾಕ್ ಚಕ್ರದ ಮಟ್ಟಿಗೆ ವ್ಯರ್ಥ. ಪುಡಿ ಸೇರುವುದು ಒಳಗೆ. 12,000 ಕೊಡುವ ಬದಲು ಬಾಟಲಿ, ಐಸೊಪ್ರೊಪೈಲ್ ಆಲ್ಕೋಹಾಲ್, ಮೈಕ್ರೊಫೈಬರ್ ಬಟ್ಟೆ ಎಲ್ಲ ಸೇರಿ 3,800ಕ್ಕೆ ತಂದು ಮನೆಯಲ್ಲೇ ಮಾಡಿದೆ. ಹೊಸ ಚಕ್ರ, ಇನ್ನೂ ಟೈರು ಕೂರಿಸಿಲ್ಲ, ಇದಕ್ಕಿಂತ ಅನುಕೂಲದ ಹೊತ್ತು ಸಿಗದು. ತೊಳೆದು, ಆಲ್ಕೋಹಾಲಿನಿಂದ ಜಿಡ್ಡು ತೆಗೆದು, ನೆರಳಿನಲ್ಲಿ ಸಣ್ಣ ಸಣ್ಣ ಭಾಗವಾಗಿ ಹಚ್ಚಬೇಕು. ನೀರ ಮೇಲೆ ಎಣ್ಣೆ ಹರಡಿದಂಥ ಬಣ್ಣ ಮೂಡಿದ ಕೂಡಲೇ ಒರೆಸಬೇಕು. ತಡವಾದರೆ ಕಲೆ ಗಟ್ಟಿಯಾಗುತ್ತದೆ. ಒಂದು ದಿನ ನೀರು ತಾಗಿಸಬಾರದು, ಒಂದು ವಾರ ಸೋಪು ಬೇಡ.

ಹಚ್ಚಬಾರದ ಜಾಗಗಳನ್ನು ನನಗೆ ಯಾವ ಸ್ಟುಡಿಯೊದವರೂ ಹೇಳಿರಲಿಲ್ಲ. ಟೈರಿನ ಅಂಚು ಕೂರುವ ಪಟ್ಟಿ, ಹಬ್‌ಗೆ ತಾಗುವ ಮುಖ, ಬೋಲ್ಟಿನ ಕುಳಿ, ಈ ಮೂರಕ್ಕೂ ಜಾರುವ ಪದರ ಬೇಡ. ನಾಲ್ಕನೆಯದು, ಒಳಬಳೆಯಲ್ಲಿ ಬ್ಯಾಲೆನ್ಸಿಂಗ್ ತೂಕ ಅಂಟಿಸುವ ಪಟ್ಟೆ. ಏನೂ ಅಂಟಬಾರದೆಂದು ಹಚ್ಚಿದ ಪದರದ ಮೇಲೆ ತೂಕದ ಬಿಲ್ಲೆ ಹೇಗೆ ಅಂಟೀತು? ಅಲ್ಲಿಗೆ ಮೊದಲೇ ಮಾಸ್ಕಿಂಗ್ ಟೇಪ್ ಸುತ್ತಿದ್ದೆ. ಕಾವಿಗೆ ಬಿಲ್ಲೆ ಜಾರದಿರಲೆಂದು ಮೇಲೆ ಅಲ್ಯೂಮಿನಿಯಂ ಟೇಪ್ ಒತ್ತಿಸಿದ್ದೂ ಆಯಿತು. ಇನ್ನೊಂದು ಕಿವಿಮಾತು: ಕೋಟ್ ಮಾಡಿದ ಚಕ್ರಕ್ಕೂ ಬೆಂಗಳೂರಿನ ಕೊಳವೆ ಬಾವಿ ನೀರಿನ ಬಿಳಿ ಕಲೆ ಬರುತ್ತದೆ. ಚಕ್ರ ಆರಿದ ಮೇಲೆಯೇ ತೊಳೆದು, ಕೂಡಲೇ ಒರೆಸಬೇಕು.

ಬೋಲ್ಟು, ಉಂಗುರಗಳಿಗೆ 4,500, ಟೈರು ಕೂರಿಸಿ ಬ್ಯಾಲೆನ್ಸ್ ಮಾಡಿದ್ದಕ್ಕೆ 2,000, ಟಾರ್ಕ್ ರೆಂಚ್‌ಗೆ 4,000. ಪೋಲೊದ ಬೋಲ್ಟಿಗೆ 120 ನ್ಯೂಟನ್ ಮೀಟರ್ ಬಿಗಿತ ಸಾಕು. ಪಂಕ್ಚರ್ ಅಂಗಡಿಯ ಏರ್ ಗನ್ನಿಗೆ ಆ ಲೆಕ್ಕ ಗೊತ್ತಿಲ್ಲ. ಒಟ್ಟು 78,300. ಉಳಿದ 11,700 ಸ್ಟುಡಿಯೊ ಕೇಳಿದ್ದಕ್ಕೆ ಹೆಚ್ಚುಕಡಿಮೆ ಸಮ. ಅದು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್‌ಗೆ ಹೋಯಿತು. ನನ್ನ ಮಟ್ಟಿಗೆ ಹೊಳಪಿಗಿಂತ ಅದೇ ಮೇಲು.

ವಿಮೆಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಖಾಸಗಿ ಕಾರು ಪಾಲಿಸಿಯ ‘ಬಳಕೆಯ ಮಿತಿ’ ಓದಿ: ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗಳು ಹೊರಗೆ. ಟ್ರ್ಯಾಕ್‌ನಲ್ಲಿ ಆದ ನಷ್ಟಕ್ಕೆ ವಿಮೆ ಸಿಗುತ್ತದೆಂದು ನಾನು ಲೆಕ್ಕ ಹಾಕುವುದೇ ಇಲ್ಲ. ಕಳೆದುಕೊಂಡರೂ ಕಣ್ಣೀರು ಬಾರದಷ್ಟು ಬೆಲೆಯ ಕಾರನ್ನೇ ಅಲ್ಲಿಗೆ ಒಯ್ಯುವುದು. ರಸ್ತೆಯಲ್ಲೂ ಇದೇ ಚಕ್ರ ಹಾಕುವವರು ಬಿಲ್ಲು ತೋರಿಸಿ ಪಾಲಿಸಿಯಲ್ಲಿ ಘೋಷಿಸಿ, ಬೆಲೆಯನ್ನು ಐಡಿವಿಗೆ, ಅಂದರೆ ಪಾಲಿಸಿಯಲ್ಲಿ ಘೋಷಿಸಿದ ಕಾರಿನ ಮೌಲ್ಯಕ್ಕೆ, ಸೇರಿಸಿಕೊಳ್ಳಬೇಕು. ಕಾರಿಗೆ ಏನೂ ಆಗದೆ ಟೈರು ಮಾತ್ರ ಹಾಳಾದರೆ ಮೂಲ ಪಾಲಿಸಿಯಲ್ಲಿ ದುಡ್ಡಿಲ್ಲ. ಕಾರಿನ ಜತೆ ಹಾಳಾದರೂ ಅರ್ಧವೇ.

ಕೋಟಿಂಗ್ ಶಾಶ್ವತವಲ್ಲ. ನೀರು ಮುತ್ತಾಗಿ ಉರುಳುವುದನ್ನು ಬಿಟ್ಟು ಚಪ್ಪಟೆಯಾಗಿ ಹರಡತೊಡಗಿದರೆ ಮತ್ತೆ ಹಚ್ಚುವ ಹೊತ್ತು ಬಂದಿದೆ ಎಂದರ್ಥ. ಹಾಗಂತ ಮಿಕ್ಕದ್ದನ್ನು ಬಾಟಲಿಯಲ್ಲೇ ಕಾಪಿಟ್ಟುಕೊಂಡಿದ್ದರೆ ಪ್ರಯೋಜನವಿಲ್ಲ. ಮುಚ್ಚಳ ತೆಗೆದ ಮೇಲೆ ಗಾಳಿಯ ತೇವಕ್ಕೆ ಅದು ಒಳಗೇ ಗಟ್ಟಿಯಾಗುತ್ತದೆ. 50 ಮಿ.ಲೀ. ಬಾಟಲಿ ಎರಡು ಸೆಟ್ ಚಕ್ರಕ್ಕೆ ಸಾಕಾಗುವುದರಿಂದ, ಮುಂದಿನದನ್ನು ವೆಂಟೊ ಇರುವ ಗೆಳೆಯನ ಜತೆ ಅರ್ಧರ್ಧ ಹಂಚಿಕೊಳ್ಳುವುದೆಂದು ಮಾತಾಗಿದೆ. ಅವನದು ಕಪ್ಪು ಚಕ್ರ. ಟಾರ್ಚು ಅವನೇ ತರಲಿ.