ಮದುವೆ ಕ್ಯಾಸೆಟ್ ಮತ್ತು ಡಿವಿಡಿ ರೆಕಾರ್ಡರ್: ವಿದ್ಯುತ್ಕಾಂತೀಯ ಪ್ರೇರಣೆಯ ಮೂರು ಪಾಠಗಳು

ತರಗತಿ: 10. ವಿಷಯ: ಭೌತವಿಜ್ಞಾನ. ಘಟಕ: ವಿದ್ಯುತ್ಕಾಂತೀಯ ಪ್ರೇರಣೆ. ಅವಧಿ: 40 ನಿಮಿಷಗಳ ಮೂರು ಪಾಠಗಳು.

ಅಭ್ಯಾಸ ಬೋಧನೆಗೆಂದು ನನಗೆ ಹುಬ್ಬಳ್ಳಿಯ ಒಂದು ಪ್ರೌಢಶಾಲೆಯನ್ನು ಕೊಟ್ಟಿದ್ದರು. ಈ ಘಟಕದ ಮೊದಲ ಪಾಠವನ್ನು ನಾವೆಲ್ಲರೂ ಮಾಡುವ ಹಾಗೆಯೇ ಮಾಡಿದೆ. ತಂತಿಸುರುಳಿ, ದಂಡಕಾಂತ, ಗ್ಯಾಲ್ವನೋಮೀಟರ್. ಕಾಂತವನ್ನು ಒಳಗೆ ತಳ್ಳಿದರೆ ಮುಳ್ಳು ಒಂದು ಕಡೆ, ಹೊರಗೆಳೆದರೆ ಇನ್ನೊಂದು ಕಡೆ, ಅಲುಗಾಡದೆ ಹಿಡಿದರೆ ಸೊನ್ನೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇಷ್ಟೇ ಎಂದು ಹೇಳಿ, ಅನ್ವಯಗಳೆಂದು ಡೈನಮೊ, ಟ್ರಾನ್ಸ್‌ಫಾರ್ಮರ್, ಟೇಪ್ ರೆಕಾರ್ಡರ್ ಎಂದು ಕರಿಹಲಗೆಯ ಮೇಲೆ ಬರೆದೆ. ಮೂರನೆಯದನ್ನು ಬರೆದದ್ದು ಪಟ್ಟಿ ತುಂಬಲಿ ಎಂಬ ಕಾರಣಕ್ಕೆ ಮಾತ್ರ, ಮುಚ್ಚಿಡುವುದೇನು.

ಗಂಟೆ ಬಾರಿಸಿದ ಮೇಲೆ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದಳು. "ಟೀಚರ್, ನಮ್ಮನ್ಯಾಗ ಅಪ್ಪ-ಅವ್ವನ ಮದಿವಿ ಕ್ಯಾಸೆಟ್ ಐತ್ರಿ. ಅದೂ ಹಿಂಗ ಕಾಂತಾನ ಏನ್ರಿ?" ಹೌದೆಂದೆ. "ಹಂಗಾದ್ರ ಇಟ್ಟಲ್ಲೇ ಅಳಿಸಿ ಹೋಗ್ತೈತೇನ್ರಿ?"

ವಿಚಾರಿಸಿದಾಗ ತಿಳಿಯಿತು: ಆಕೆಯ ತಂದೆ ತೀರಿಕೊಂಡು ನಾಲ್ಕು ವರ್ಷವಾಗಿದೆ. 1991ರ ಆ ವಿಎಚ್‌ಎಸ್ ಕ್ಯಾಸೆಟ್ ಬಿಟ್ಟರೆ ಅವರ ಧ್ವನಿ ಬೇರೆಲ್ಲೂ ಇಲ್ಲ. ಮನೆಯ ವಿಸಿಆರ್ ಎಂದೋ ಮಾರಿಹೋಗಿದೆ. ಡಿವಿಡಿ ರೆಕಾರ್ಡರ್ ಒಂದನ್ನು ಕೊಂಡು ಅದರೊಳಗೆ ಇಳಿಸಿಕೊಳ್ಳಿ ಎಂದು ಸೋದರಮಾವ ಸಲಹೆ ಕೊಟ್ಟಿದ್ದಾರೆ. ಕೊಪ್ಪೀಕರ್ ರಸ್ತೆಯಲ್ಲಿ ಕೇಳಿಬಂದ ಬೆಲೆ ತಾಯಿಯ ಎರಡು ತಿಂಗಳ ಹೊಲಿಗೆ ಗಳಿಕೆಗಿಂತ ಹೆಚ್ಚು. "ಯಾವುದು ತಗೋಬೇಕ್ರಿ ಟೀಚರ್?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮನೆಯವರ ಒಪ್ಪಿಗೆ ಪಡೆದು, ಯಾರ ಕ್ಯಾಸೆಟ್ ಎಂದು ತರಗತಿಯಲ್ಲಿ ಹೇಳದೆ, ಉಳಿದ ಎರಡು ಪಾಠಗಳನ್ನು ಈ ಪ್ರಶ್ನೆಯ ಮೇಲೆಯೇ ಕಟ್ಟಲು ಮಾರ್ಗದರ್ಶಕ ಶಿಕ್ಷಕರ ಅನುಮತಿ ಕೇಳಿದೆ. "ಘಟಕ ಪರೀಕ್ಷೆಗೆ ತೊಂದರೆ ಆಗಬಾರದು ನೋಡು" ಎಂದು ಅವರು ಒಪ್ಪಿದರು.

ಎರಡನೆಯ ಪಾಠದ ಬೋಧನೋಪಕರಣ ನಮ್ಮ ಮನೆಯ ಹಳೆಯ ವಿಸಿಆರ್. ಹಿಂದಿನ ರಾತ್ರಿ ಅದರ ಮೇಲ್ಮುಚ್ಚಳ ಬಿಚ್ಚಿ, ನಮ್ಮ ಗಣೇಶ ಹಬ್ಬದ ಕ್ಯಾಸೆಟ್ ಹಾಕಿ ಪರೀಕ್ಷಿಸಿದೆ. ಗಟ್ಟಿಯಾಗಿದ್ದ ರಬ್ಬರ್ ಉರುಳೆ ಟೇಪನ್ನು ಒಳಗೆಳೆದುಕೊಂಡು ಮಡಚಿಹಾಕಿತು. ಒಂದು ಮೊಳದಷ್ಟು ಟೇಪು ಹಾಳಾಯಿತು. ಆ ಹುಡುಗಿಯ ಕ್ಯಾಸೆಟ್ ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದು ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಮಕ್ಕಳು ಮೊದಲು ಕಂಡದ್ದು ಓರೆಯಾಗಿ ನಿಂತ ಹೊಳೆಯುವ ಉರುಳೆಯನ್ನು. 1976ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ವಿಎಚ್‌ಎಸ್‌ನ ಗುಟ್ಟು ಅದರಲ್ಲಿದೆ. ಟೇಪಿನ ಅಗಲ 12.7 ಮಿಲಿಮೀಟರ್. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ 2.339 ಸೆಂಟಿಮೀಟರ್ ಮಾತ್ರ ಸರಿಯುತ್ತದೆ. 180 ನಿಮಿಷಗಳ ಕ್ಯಾಸೆಟ್ಟಿಗೆ ಎಷ್ಟು ಟೇಪು ಬೇಕು ಎಂದು ಲೆಕ್ಕ ಮಾಡಿಸಿದೆ: 2.339 × 10800, ಅಂದರೆ ಸುಮಾರು 253 ಮೀಟರ್. ಶಾಲೆಯ ಮೈದಾನಕ್ಕೆ ಸುತ್ತು ಹಾಕಬಹುದು ಎಂದು ಹಿಂದಿನ ಬೆಂಚಿನಿಂದ ಮಾತು ಬಂತು.

ಇಷ್ಟು ನಿಧಾನವಾಗಿ ಸರಿಯುವ ಟೇಪು ಧ್ವನಿಗೆ ಸಾಕು, ಚಿತ್ರಕ್ಕೆ ಸಾಲದು. ಚಿತ್ರದ ಸಂಕೇತ ಸೆಕೆಂಡಿಗೆ ಲಕ್ಷಾಂತರ ಸಲ ಬದಲಾಗುತ್ತದೆ. ಆದ್ದರಿಂದ ಟೇಪನ್ನು ವೇಗವಾಗಿ ಓಡಿಸುವ ಬದಲು ಹೆಡ್ಡನ್ನೇ ತಿರುಗಿಸಿದ್ದಾರೆ. ಉರುಳೆಯ ವ್ಯಾಸ 6.2 ಸೆಂಟಿಮೀಟರ್, ಸುತ್ತಳತೆ ಸುಮಾರು 19.5, ಸೆಕೆಂಡಿಗೆ 25 ಸುತ್ತು. ಹೆಡ್ಡಿನ ವೇಗ ಸೆಕೆಂಡಿಗೆ ಸುಮಾರು 4.87 ಮೀಟರ್ ಆಯಿತು, ಟೇಪಿನ ವೇಗದ 200 ಪಟ್ಟಿಗಿಂತ ಹೆಚ್ಚು. ಹೆಡ್ ಎಂದರೆ ಸಣ್ಣ ಸೀಳು ಇರುವ ತಿರುಳಿಗೆ ಸುತ್ತಿದ ತಂತಿಸುರುಳಿ. ಟೇಪಿನ ಮೇಲಿನ ಕಾಂತೀಯ ಗುರುತುಗಳು ಆ ಸೀಳಿನ ಮುಂದೆ ಹಾದುಹೋದಾಗ ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲ ಪ್ರೇರಿತವಾಗುತ್ತದೆ. ನಿನ್ನೆಯ ದಂಡಕಾಂತ ಇಂದು ಪುಡಿಯಾಗಿ ಟೇಪಿಗೆ ಅಂಟಿಕೊಂಡಿದೆ ಎಂದೆ.

ಆಗ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. "ಪಾಜ್ ಒತ್ತಿದ್ರ ಟೇಪ್ ನಿಂದರ್ತೈತಿ. ಕಾಂತ ನಿಂತ್ರ ಮುಳ್ಳು ಸೊನ್ನೆ ಅಂದ್ರಿ. ಮತ್ತ ಚಿತ್ರ ಹೆಂಗ ಕಾಣ್ತೈತ್ರಿ?" ಯೋಚಿಸಲು ಒಂದು ನಿಮಿಷ ಬೇಡಿದೆ. ಅಷ್ಟರಲ್ಲಿ ಮತ್ತೊಬ್ಬಳು "ಆದ್ರ ಆವಾಜ್ ಬರೂದಿಲ್ಲಲ್ರಿ" ಎಂದಳು. ಉತ್ತರ ಅಲ್ಲಿಯೇ ಇತ್ತು. ಟೇಪು ನಿಂತರೂ ಚಿತ್ರದ ಹೆಡ್ ತಿರುಗುತ್ತಲೇ ಇರುತ್ತದೆ. ಅದು ಒಂದೇ ಜಾಡನ್ನು ಮತ್ತೆ ಮತ್ತೆ ಸವರುತ್ತದೆ, ಚಿತ್ರ ನಿಲ್ಲುತ್ತದೆ. ಸಾಮಾನ್ಯ ವಿಸಿಆರ್‌ನಲ್ಲಿ ಧ್ವನಿಯ ಹೆಡ್ ಕದಲದೆ ನಿಂತಿರುತ್ತದೆ, ಟೇಪಿನ ಅಂಚಿನ ಕಿರಿದಾದ ಪಟ್ಟಿಯನ್ನು ಓದುತ್ತದೆ. ಎರಡೂ ನಿಂತ ಮೇಲೆ ಬದಲಾವಣೆ ಇಲ್ಲ, ಪ್ರೇರಣೆಯೂ ಇಲ್ಲ, ಧ್ವನಿಯೂ ಇಲ್ಲ. ಮುಖ್ಯವಾದದ್ದು ಸಾಪೇಕ್ಷ ಚಲನೆ ಎಂಬ ಮಾತನ್ನು ಮೊದಲ ದಿನ ನಾನು ಬರೆಸಿದ್ದೆ, ಅಂದು ಅವರೇ ಹೇಳಿದರು. ಹಳೆಯ ಟೇಪನ್ನು ಹೆಚ್ಚು ಹೊತ್ತು ಪಾಜ್‌ನಲ್ಲಿ ಬಿಡಬಾರದು ಎನ್ನುವುದೂ ಇದರಿಂದಲೇ ಬಂತು: ಅದೇ ಜಾಗ ಸೆಕೆಂಡಿಗೆ 50 ಸಲ ಉಜ್ಜಿಸಿಕೊಳ್ಳುತ್ತದೆ.

ಮೂರನೆಯ ಪಾಠಕ್ಕೆ ಮೊದಲು ಹುಡುಗಿ ಕ್ಯಾಸೆಟ್ ತಂದು ತೋರಿಸಿದಳು. ಮಂಚದ ಕೆಳಗಿನ ಟ್ರಂಕಿನಲ್ಲಿ, ಬಟ್ಟೆಗಳ ನಡುವೆ ಅಡ್ಡಲಾಗಿ ಮಲಗಿತ್ತಂತೆ. ಕಿಂಡಿಯಲ್ಲಿ ನೋಡಿದರೆ ಸುರುಳಿಯ ಅಂಚಿನ ಮೇಲೆ ಬಿಳಿಯ ಬೂಸು. ನಮ್ಮ ಅವಳಿ ನಗರದ ಮಳೆಗಾಲ ಎಂಥದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಧಾರವಾಡದ ಕಡೆ ಪುಸ್ತಕಗಳಿಗೂ ಬೂಸು ಹಿಡಿಯುತ್ತದೆ. ಯಾವ ಯಂತ್ರಕ್ಕೂ ಇದನ್ನು ಹಾಕಬೇಡ ಎಂದೆ. ಹಾಕಿದರೆ ಟೇಪು ಹರಿಯಬಹುದು, ಹೆಡ್ ಕೆಡಬಹುದು, ಅದೇ ಯಂತ್ರಕ್ಕೆ ಆಮೇಲೆ ಹಾಕಿದ ಕ್ಯಾಸೆಟ್ಟಿಗೂ ಬೂಸು ಹತ್ತಬಹುದು.

ತರಗತಿಯಲ್ಲಿ ರೆಕಾರ್ಡರ್ ಆಯ್ಕೆಯನ್ನು ಲೆಕ್ಕದಿಂದ ಆರಂಭಿಸಿದೆ. ಸಾಮಾನ್ಯ ಡಿವಿಡಿಯ ಸಾಮರ್ಥ್ಯ 4.7 ಗಿಗಾಬೈಟ್, ಅಂದರೆ 37.6 ಗಿಗಾಬಿಟ್. ರೆಕಾರ್ಡರುಗಳಲ್ಲಿ 1, 2, 4, 6 ಗಂಟೆಗಳ ಕ್ರಮಗಳಿರುತ್ತವೆ. ಎರಡು ಗಂಟೆಗೆ ಹಂಚಿದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್, ನಾಲ್ಕಕ್ಕೆ 2.6, ಆರಕ್ಕೆ 1.7. ಮೂರು ಗಂಟೆಯ ಮದುವೆ ಎರಡು ಗಂಟೆಯ ಕ್ರಮದಲ್ಲಿ ಒಂದೇ ಡಿಸ್ಕಿನಲ್ಲಿ ಹಿಡಿಸುವುದಿಲ್ಲ. ಹಾಗಾದರೆ ನಾಲ್ಕು ಗಂಟೆಯ ಕ್ರಮದಲ್ಲಿ ಒಂದು ಡಿಸ್ಕೋ, ಒಂದೂವರೆ ಗಂಟೆಯಂತೆ ಎರಡು ಡಿಸ್ಕೋ?

ಇಲ್ಲಿ ಒಳ್ಳೆಯ ಜಗಳ ನಡೆಯಿತು. ವಿಎಚ್‌ಎಸ್ ಅಡ್ಡಲಾಗಿ ಸುಮಾರು 240 ಗೆರೆಗಳಷ್ಟು ವಿವರವನ್ನೇ ಹಿಡಿಯುತ್ತದೆ, ಡಿವಿಡಿಗೆ 720 ಚುಕ್ಕಿಗಳ ಜಾಗವಿದೆ. ಹಲವು ರೆಕಾರ್ಡರುಗಳು ನಾಲ್ಕು ಗಂಟೆಯ ಕ್ರಮದಲ್ಲಿ ಅದನ್ನು 352ಕ್ಕೆ ಇಳಿಸುತ್ತವೆ, ಆದರೂ ಟೇಪಿನಲ್ಲಿ ಇರುವುದಕ್ಕಿಂತ ಕಡಿಮೆಯಲ್ಲ. ಅಂದ ಮೇಲೆ ಒಂದೇ ಡಿಸ್ಕ್ ಸಾಕು ಎಂದರು ಕೆಲವರು. ನನ್ನ ಅಭಿಪ್ರಾಯ ಬೇರೆ. ಹಳೆಯ ಟೇಪಿನ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ತುಂಬಿರುತ್ತದೆ. ರೆಕಾರ್ಡರಿಗೆ ಅದು ಕಸವೆಂದು ತಿಳಿಯದು, ಅದನ್ನೂ ಚಿತ್ರವೆಂದೇ ಬರೆಯುತ್ತದೆ. ಬಿಟ್ ಕಡಿಮೆಯಾದಾಗ ಅಕ್ಕಿಕಾಳು ಬೀಳುವಂಥ ವೇಗದ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ. ಟೇಪು ಇನ್ನೊಮ್ಮೆ ಓಡುತ್ತದೆಂಬ ಭರವಸೆ ಇಲ್ಲದಾಗ ಒಂದು ಡಿಸ್ಕಿನ ದುಡ್ಡು ಉಳಿಸಬಾರದು.

ಉಳಿದವುಗಳನ್ನು ಬೇಗ ಮುಗಿಸಿದೆ. ವಿಸಿಆರ್ ಮತ್ತು ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಗುಂಡಿ ಒತ್ತಿದರೆ ಸಾಕು, ಆದರೆ ಒಂದು ಕೆಟ್ಟರೆ ಪೆಟ್ಟಿಗೆಯೇ ರಿಪೇರಿಗೆ ಹೋಗಬೇಕು. ಬೇರೆಬೇರೆ ಇದ್ದರೆ ಹಳದಿ, ಬಿಳಿ, ಕೆಂಪು ಪಿನ್ನುಗಳ ತಂತಿ ಸಾಕು. ಹಾರ್ಡ್ ಡಿಸ್ಕ್ ಇರುವ ರೆಕಾರ್ಡರಿನಲ್ಲಿ ಮೊದಲು ಅದರೊಳಗೆ ಇಳಿಸಿಕೊಂಡು, ಕತ್ತರಿಸಿ, ಆಮೇಲೆ ಡಿಸ್ಕಿಗೆ ಬರೆಯಬಹುದು. ಬರೆದ ಡಿಸ್ಕನ್ನು ಫೈನಲೈಸ್ ಮಾಡದಿದ್ದರೆ ಬೇರೆ ಪ್ಲೇಯರಿನಲ್ಲಿ ಅದು ಓಡದೇ ಇರಬಹುದು. ಅಂಗಡಿಯಿಂದ ಕೊಂಡ ಸಿನಿಮಾ ಕ್ಯಾಸೆಟ್ಟುಗಳಲ್ಲಿ ನಕಲು ತಡೆಯುವ ಸಂಕೇತವಿದ್ದರೆ ರೆಕಾರ್ಡರ್ ನಿರಾಕರಿಸುತ್ತದೆ. ಮನೆಯ ಕ್ಯಾಸೆಟ್ಟುಗಳಿಗೆ ಆ ಕಾಟವಿಲ್ಲ.

ಕೊನೆಗೆ ತರಗತಿ ಕೊಟ್ಟ ತೀರ್ಪು ನಾನು ಯೋಜನೆಯಲ್ಲಿ ಬರೆದುಕೊಂಡದ್ದಲ್ಲ. ಇರುವುದು ಒಂದೇ ಕ್ಯಾಸೆಟ್. ಹೆಡ್ ಓದಿ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಎಷ್ಟು ದುಬಾರಿ ರೆಕಾರ್ಡರೂ ಬರೆಯಲಾರದು. ಆದ್ದರಿಂದ ರೆಕಾರ್ಡರ್ ಕೊಳ್ಳುವುದೇ ಬೇಡ, ಟೇಪು ಸ್ವಚ್ಛ ಮಾಡಿಸಿ, ಒಳ್ಳೆಯ ವಿಸಿಆರ್ ಇರುವ ಸ್ಟುಡಿಯೋದಲ್ಲಿ ಇಳಿಸಿಕೊಳ್ಳಬೇಕು. "ಅಲ್ಲೇ ಕಳದ್ರ?" ಎಂದು ಒಬ್ಬ ಕೇಳಿದ. "ಕೊಟ್ಟು ಬರೂದಲ್ಲ, ಮುಂದ ಕುಂತು ಮಾಡಿಸೂದು" ಎಂದು ಕ್ಯಾಸೆಟ್ಟಿನ ಒಡತಿಯೇ ಉತ್ತರಿಸಿದಳು. ಗುಟ್ಟು ಅಲ್ಲಿಗೆ ಬಯಲಾಯಿತು, ಯಾರೂ ನಗಲಿಲ್ಲ.

ತಾಯಿ-ಮಗಳು ಹಾಗೆಯೇ ಮಾಡಿದರು. ಸ್ಟುಡಿಯೋದವರು ಐದು ತಿರುಪು ಬಿಚ್ಚಿ, ಟೇಪನ್ನು ಒಣಗಿಸಿ, ಒರೆಸಿ, ಬೇರೆ ಕವಚಕ್ಕೆ ಹಾಕಿ ಓಡಿಸಿದರು. ಎರಡು ಡಿಸ್ಕುಗಳಾದವು, ಎರಡೆರಡು ಪ್ರತಿ. ಬಿಸಿಲು ತಾಗದಂತೆ ನಿಲ್ಲಿಸಿಡಿ, ಮೂಲ ಟೇಪನ್ನು ಎಸೆಯಬೇಡಿ ಎಂದು ನಾನೂ ಹೇಳಿ ಕಳಿಸಿದೆ. ಚಿತ್ರ ಚೆನ್ನಾಗಿ ಉಳಿದಿದೆಯಂತೆ. ಬೂಸು ಅಂಚಿನಲ್ಲಿತ್ತು, ಧ್ವನಿಯ ಪಟ್ಟಿಯೂ ಅಂಚಿನಲ್ಲಿಯೇ ಇತ್ತು. ಅದರಿಂದ ಧ್ವನಿ ಅಲ್ಲಲ್ಲಿ ಅಡಗಿದೆ. ತಂದೆ ಒಡಪು ಹಾಕಿ ಹೆಂಡತಿಯ ಹೆಸರು ಹೇಳುವ ಕಡೆ ಒಡಪು ಕೇಳಿಸುವುದಿಲ್ಲ. ಹೆಸರು ಕೇಳಿಸುತ್ತದೆ.

ಮೌಲ್ಯಮಾಪನದಲ್ಲಿ ಪಾಜ್ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸರಿಯಾಗಿ ಉತ್ತರಿಸಿದರು. ಆದರೆ "ಹೆಚ್ಚು ಗಿಗಾಬೈಟ್ ಇದ್ದರೆ ಹಳೆಯ ಚಿತ್ರವೂ ಸ್ಪಷ್ಟವಾಗುತ್ತದೆ" ಎಂದು ಬರೆದವರೂ ಇದ್ದರು. ಡಿಸ್ಕಿನ ಲೆಕ್ಕವನ್ನು ಮೊದಲು ಮಾಡಿಸಿ, ಟೇಪಿನ 240 ಗೆರೆಗಳನ್ನು ಆಮೇಲೆ ಹೇಳಿದ್ದು ನನ್ನ ತಪ್ಪು. ಮುಂದಿನ ಶಾಲೆಯಲ್ಲಿ ಮೂರನೆಯ ಪಾಠವನ್ನು ಬಿಚ್ಚಿದ ಕ್ಯಾಸೆಟ್ಟಿನಿಂದಲೇ ಆರಂಭಿಸಬೇಕೆಂದಿದ್ದೇನೆ. ಗಣೇಶ ಹಬ್ಬದ ಆ ಹಾಳಾದ ಟೇಪನ್ನು ಅದಕ್ಕಾಗಿ ಎತ್ತಿಟ್ಟಿದ್ದೇನೆ.