ಟೇಬಲ್ ಎರಡೇ, ಗುಂಡಿ ಮಾತ್ರ ಆರಕ್ಕೆ

ಹೈಡ್ರೋಪೋನಿಕ್ಸ್ ಮಾರುವವರ ಕೊಟೇಶನ್ ಹಿಡಿದುಕೊಂಡು ಬರುವವರೆಲ್ಲ ನನ್ನನ್ನು ಮೊದಲು ಕೇಳುವುದು ಒಂದು ಟೇಬಲ್‌ಗೆ ಎಷ್ಟಾಯಿತು ಎಂದು. ಟೇಬಲ್ ಈ ವ್ಯವಸ್ಥೆಯ ಅಗ್ಗದ ಭಾಗ. ಇವತ್ತಲ್ಲದಿದ್ದರೆ ಮುಂದಿನ ವರ್ಷ ತಂದು ನಿಲ್ಲಿಸಬಹುದು. ನೆಲದ ಕೆಳಗೆ ಹೋಗುವ ದುಡ್ಡಿನ ಕಥೆ ಹಾಗಲ್ಲ, ಅದನ್ನು ಒಮ್ಮೆಗೇ ಹಾಕಬೇಕು.

ದೊಡ್ಡಬಳ್ಳಾಪುರದ ಕಡೆ ನಮ್ಮ ಜಮೀನಿನ ಮೂಲೆಯಲ್ಲಿ ನಾನು ಮಾಡಿಕೊಂಡಿರುವುದು ಎಬ್ ಅಂಡ್ ಫ್ಲೋ ಪದ್ಧತಿ. ಕೆಳಗಿನ ಡ್ರಮ್ಮಿನಿಂದ ಪಂಪು ಪೋಷಕಾಂಶದ ನೀರನ್ನು ಟೇಬಲ್ಲಿಗೆ ಏರಿಸುತ್ತದೆ. ನೀರು ಗೊತ್ತುಮಾಡಿದ ಮಟ್ಟಕ್ಕೆ ಬಂದರೆ ಓವರ್‌ಫ್ಲೋ ಪೈಪಿನಿಂದ ವಾಪಸ್ಸು ಹೋಗುತ್ತದೆ, ಟೈಮರ್ ಪಂಪನ್ನು ನಿಲ್ಲಿಸಿದ ಮೇಲೆ ಉಳಿದದ್ದೂ ಬಂದ ದಾರಿಯಲ್ಲೇ ಇಳಿದು ಡ್ರಮ್ಮು ಸೇರುತ್ತದೆ. ಇಳಿಯುವ ನೀರಿನ ಹಿಂದೆಯೇ ಬೇರಿಗೆ ಗಾಳಿ ಸಿಗುತ್ತದೆ. ಇಷ್ಟೇ ತಂತ್ರ. ಇದರ ಬದಲು ಪೈಪಿನಲ್ಲಿ ಸದಾ ನೀರು ಹರಿಸುವ ಎನ್‌ಎಫ್‌ಟಿ ಹಾಕಿಸಿ ಎಂದು ತುಂಬಾ ಜನ ಹೇಳಿದರು. ನಮ್ಮ ಫೀಡರಿನಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎನ್‌ಎಫ್‌ಟಿಯಲ್ಲಿ ಏಪ್ರಿಲ್ ಮಧ್ಯಾಹ್ನ ಪಂಪು ನಿಂತರೆ ಗಿಡ ಬೇಗನೆ ಬಾಡುತ್ತದೆ; ಕುಂಡದ ತೆಂಗಿನ ನಾರಿನ ಪುಡಿ ತೇವ ಹಿಡಿದಿಟ್ಟುಕೊಳ್ಳುವುದರಿಂದ ನನ್ನ ಗಿಡ ಸಂಜೆಯವರೆಗೆ ಕಾಯುತ್ತದೆ. ಇನ್ವರ್ಟರ್ ದುಡ್ಡು ಉಳಿಯಿತು. ವಿದ್ಯುತ್ ಬಿಲ್ಲಿನ ಚಿಂತೆಯೂ ಇಲ್ಲ: 60 ವಾಟಿನ ಪಂಪು ದಿನಕ್ಕೆ ಒಟ್ಟು ಒಂದು ಗಂಟೆ ಓಡಿದರೂ ವರ್ಷಕ್ಕೆ 22 ಯೂನಿಟ್.

ಈಗ ನೀರಿನ ಲೆಕ್ಕ. ಎಲ್ಲ ಖರ್ಚೂ ಇದರ ಮೇಲೆ ನಿಂತಿದೆ. 8 ಅಡಿಗೆ 4 ಅಡಿ ಟೇಬಲ್ಲಿನಲ್ಲಿ ಒಂದು ಅಂಗುಲ ನೀರು ನಿಲ್ಲಿಸಿದರೆ ಸುಮಾರು 75 ಲೀಟರ್, ಎರಡು ಅಂಗುಲಕ್ಕೆ 150. ನನ್ನ ಯೋಜನೆಯಲ್ಲಿದ್ದ ಆರು ಟೇಬಲ್ಲಿಗೂ ಒಟ್ಟಿಗೆ ಎರಡು ಅಂಗುಲ ತುಂಬಿಸಲು 900 ಲೀಟರ್ ಬೇಕು, ಪಂಪು ಒಣಗದಂತೆ ತಳದಲ್ಲಿ ಉಳಿಯಬೇಕಾದದ್ದು ಬೇರೆ. ಅಂದರೆ ಸಾವಿರ ಲೀಟರಿಗೂ ದೊಡ್ಡ ಟ್ಯಾಂಕು, ಅದಕ್ಕೆ ತಕ್ಕ ಪಂಪು, ಅದನ್ನು ಹೂಳಲು ದೊಡ್ಡ ಗುಂಡಿ. ನನಗೆ ಬಂದ ಕೊಟೇಶನ್‌ಗಳಲ್ಲಿ ಇದ್ದದ್ದು ಇದೇ.

ನಾನು ಎರಡೆರಡು ಟೇಬಲ್ಲಿಗೆ ಒಂದೊಂದು 200 ಲೀಟರಿನ ನೀಲಿ ಡ್ರಮ್ಮು ಇಡುವ ಲೆಕ್ಕ ಹಾಕಿದೆ. ಮೊದಲು ಒಂದು ಟೇಬಲ್ ತುಂಬಿ ಇಳಿಯುತ್ತದೆ, ಆಮೇಲೆ ಎರಡನೆಯದು. ಒಂದೇ ನೀರು ಎರಡು ಕಡೆ ದುಡಿಯುತ್ತದೆ. ಆರಕ್ಕೂ ಹೀಗೇ ಸರದಿಯಲ್ಲಿ ಒಂದೇ ಡ್ರಮ್ಮಿನಿಂದ ನೀರು ಕೊಡಬಹುದಲ್ಲ ಎಂದರೆ, ಕೊಡಬಹುದು. ಇನ್ನೂ ಅಗ್ಗವೂ ಹೌದು. ಆದರೆ ಬೇರು ಕೊಳೆಸುವ ಪಿಥಿಯಂ ರೋಗ ಒಂದು ಕುಂಡಕ್ಕೆ ಬಂದರೆ ಆ ಡ್ರಮ್ಮಿನ ನೀರು ಕುಡಿಯುವ ಎಲ್ಲ ಟೇಬಲ್ಲಿಗೂ ಬಂದ ಹಾಗೆ. ಒಂದು ಜೋಡಿ ಹೋದರೆ ಉಳಿದ ಎರಡು ಜೋಡಿ ಆ ತಿಂಗಳ ಖರ್ಚು ಹೊರುತ್ತವೆ. ಹೆಚ್ಚುವರಿ ಡ್ರಮ್ಮು, ಪಂಪುಗಳಿಗೆ ಹಾಕುವ ದುಡ್ಡನ್ನು ನಾನು ವಿಮೆಯ ಕಂತು ಎಂದೇ ಬರೆದುಕೊಳ್ಳುತ್ತೇನೆ.

ಪಂಪು ಕೊಳ್ಳುವಾಗ ಡಬ್ಬದ ಮೇಲಿನ ಅಂಕಿಗೆ ಮರುಳಾಗಬೇಡಿ. ಗಂಟೆಗೆ 2000 ಲೀಟರ್ ಎಂದು ಬರೆದದ್ದು ನೀರನ್ನು ಮೇಲಕ್ಕೆ ಎತ್ತದೇ ಇದ್ದಾಗಿನ ಮಾತು. ಗರಿಷ್ಠ ಎತ್ತರ 2 ಮೀಟರ್ ಎಂದಿದ್ದರೆ ಆ ಎತ್ತರದಲ್ಲಿ ಬರುವ ನೀರು ಸೊನ್ನೆ. ಡ್ರಮ್ಮಿನ ತಳ ನೆಲದಿಂದ ಎರಡಡಿ ಕೆಳಗಿದ್ದು ಟೇಬಲ್ ಎರಡೂವರೆ ಅಡಿ ಮೇಲಿದ್ದರೆ ಎತ್ತಬೇಕಾದದ್ದು ಸುಮಾರು 1.4 ಮೀಟರ್. ಓವರ್‌ಫ್ಲೋ ಪೈಪು ನೀರು ಬರುವ ಪೈಪಿಗಿಂತ ದಪ್ಪ ಇರಲಿ. ಇಲ್ಲವಾದರೆ ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಗೊಬ್ಬರದ ನೀರನ್ನು ನೆಲಕ್ಕೆ ಕುಡಿಸುತ್ತೀರಿ.

ಹೀಗಾಗಿ ಮೊದಲ ವರ್ಷ ನಾನು ಮೂರು ಡ್ರಮ್ಮಿನ ಗುಂಡಿ, ಆರು ಟೇಬಲ್ಲಿಗೆ ಸಾಲುವ ಕಾಲುವೆ, ವೈರಿಂಗು, ಹಸಿರುಮನೆಯ ಚಾವಣಿಗೆ ದೋಣಿ, ಮಳೆ ನೀರಿನ ಟ್ಯಾಂಕು ಇಷ್ಟನ್ನೂ ಮುಗಿಸಿದೆ. ನಿಲ್ಲಿಸಿದ್ದು ಎರಡೇ ಟೇಬಲ್. ಖಾಲಿ ಗುಂಡಿಗಳನ್ನು ನೋಡಿ ಊರಿನವರು ಏನೇನೋ ಊಹಿಸಿದರು, ಬಿಡಿ.

ಮಳೆ ನೀರಿನ ಟ್ಯಾಂಕು ಶೋಕಿಗಲ್ಲ. ನಮ್ಮ ಬೋರ್‌ವೆಲ್ ನೀರಿನ ಇಸಿ, ಅಂದರೆ ಕರಗಿದ ಲವಣಗಳ ಅಳತೆ, 1.1 ಇದೆ. ಎಳೆ ಸಸಿಗೆ ಪೋಷಕಾಂಶ ಬೆರೆಸಿದ ಮೇಲೆ ಇರಬೇಕಾದದ್ದೇ ಅಷ್ಟು. ಸುಣ್ಣದಂಶವೇ ಜಾಗ ತುಂಬಿಕೊಂಡರೆ ಗೊಬ್ಬರಕ್ಕೆ ಜಾಗವೆಲ್ಲಿ? ಆರ್‌ಒ ಯಂತ್ರ ಹಾಕಿದರೆ ಅದರ ದುಡ್ಡು ಒಂದು ಕಡೆ, ಅದು ಚೆಲ್ಲುವ ನೀರು ಇನ್ನೊಂದು ಕಡೆ. 500 ಚದರ ಅಡಿ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರಿಗೂ ಮೀರಿ ಮೆದು ನೀರು ಪುಕ್ಕಟೆ.

ಗೊಬ್ಬರದಲ್ಲೂ ಉಳಿತಾಯವಿದೆ. ಬಣ್ಣದ ಬಾಟಲಿಯ ದ್ರಾವಣ ಬಿಟ್ಟು ಕ್ಯಾಲ್ಸಿಯಂ ನೈಟ್ರೇಟ್, 13:0:45, 0:52:34, ಮೆಗ್ನೀಸಿಯಂ ಸಲ್ಫೇಟ್ ಮತ್ತು ಲಘು ಪೋಷಕಾಂಶಗಳನ್ನು ಗೊಬ್ಬರದಂಗಡಿಯಿಂದಲೇ ತರುತ್ತೇನೆ. ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿ ದ್ರಾವಣ ಬೇರೆ ಕ್ಯಾನಿನಲ್ಲೇ ಇರಬೇಕು, ಸಲ್ಫೇಟಿನ ಜೊತೆ ಸೇರಿದರೆ ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ. ಅಗ್ಗವೆಂದು 19:19:19 ತಂದು ಸುರಿಯಬೇಡಿ, ಅದರ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಯೂರಿಯಾ ರೂಪದ್ದು. ಬೆರೆಸುವ ತಲೆನೋವು ಬೇಡವೆನ್ನುವವರಿಗೆ ಹೆಸರಘಟ್ಟದ ಐಐಎಚ್‌ಆರ್ ರೂಪಿಸಿದ ‘ಅರ್ಕ ಸಸ್ಯ ಪೋಷಕ ರಸ’ ಇದೆ.

ಬೆಳೆ ಯಾವುದು? ಎಲ್ಲರೂ ಲೆಟ್ಯೂಸ್ ಎನ್ನುತ್ತಾರೆ. ನಾನು ಮೊದಲು ಲೆಕ್ಕ ಹಾಕಿದ್ದು ತರಕಾರಿ ಸಸಿಗೆ. ಒಂದು ಟೇಬಲ್ಲಿನಲ್ಲಿ 98 ಗುಣಿಯ 16 ಟ್ರೇ ಕೂರುತ್ತವೆ, ಅಂದರೆ 1568 ಸಸಿ. ರೈತರಿಗೆ ಮಾರಿದರೆ ಒಂದಕ್ಕೆ ರೂಪಾಯಿಯ ಆಸುಪಾಸು ಸಿಗುತ್ತದೆ. ಹೈಬ್ರಿಡ್ ಬೀಜದ ಬೆಲೆ ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಇಂಥ ವ್ಯಾಪಾರ ಎಕರೆಗಟ್ಟಲೆ ನೆರಳುಮನೆ ಇರುವವರಿಗೆ ಸರಿ. ಅದೇ ಟೇಬಲ್ಲಿನಲ್ಲಿ ಬೇಸಿಲ್, ಪುದೀನ, ದೊಡ್ಡಪತ್ರೆಯ 128 ಕುಂಡ ಇಡಬಹುದು. ಬೆಂಗಳೂರಿನ ತಾರಸಿ ತೋಟದವರಿಗೆ ಒದಗಿಸುವ ನರ್ಸರಿಗಳು ನನಗೆ ಕುಂಡಕ್ಕೆ 50 ರೂಪಾಯಿ ಕೊಡುತ್ತವೆ. ನೂರು ಮಾರಾಟವಾದರೆ 5,000. ಎಲ್ಲ 128 ಕುಂಡಗಳ ಪ್ಲಾಸ್ಟಿಕ್ಕು, ನಾರಿನ ಪುಡಿ, ಗೊಬ್ಬರ, ಸಾಗಣೆ ಸೇರಿ 2,800. ಒಂದು ಬ್ಯಾಚಿಗೆ ಉಳಿಯುವುದು 2,200. ನನಗೆ ಚೌಕಟ್ಟು, ಟ್ರೇ ಮತ್ತು ಡ್ರಮ್ಮು-ಪಂಪಿನ ಪಾಲು ಸೇರಿ ಒಂದು ಟೇಬಲ್ಲಿಗೆ ಬಿದ್ದದ್ದು 14,000. ಆರೇಳು ಬ್ಯಾಚಿನಲ್ಲಿ ಟೇಬಲ್ ತನ್ನ ಸಾಲ ತೀರಿಸಿಕೊಳ್ಳುತ್ತದೆ. ಇದರಲ್ಲಿ ನನ್ನ ದುಡಿಮೆಯ ಕೂಲಿ ಇಲ್ಲ, ಹಸಿರುಮನೆಯ ಖರ್ಚೂ ಇಲ್ಲ. ಚಾವಣಿಯ ಹಾಳೆ ಕೆಲವೇ ವರ್ಷ ಬಾಳುವಂಥದ್ದು, ಅದಕ್ಕೆಂದು ಪ್ರತಿ ಬ್ಯಾಚಿನಿಂದ 300 ರೂಪಾಯಿ ಆರ್‌ಡಿಗೆ ಹೋಗುತ್ತದೆ. ಲಕ್ಷಗಟ್ಟಲೆ ಲಾಭದ ವಿಡಿಯೊ ನೋಡಿದವರಿಗೆ ಈ ಅಂಕಿ ಸಪ್ಪೆ ಅನ್ನಿಸಬಹುದು.

ತೆರಿಗೆಯ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಿ. ಮಣ್ಣಿಲ್ಲದೆ ಬೆಳೆದದ್ದು ಕೃಷಿ ಆದಾಯವೇ ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. ಟ್ರೇಗಳಲ್ಲಿ ಬೆಳೆದ ಅಣಬೆಯ ಆದಾಯ ಕೃಷಿ ಆದಾಯವೆಂದು ಹೈದರಾಬಾದಿನ ಆದಾಯ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠ 2018ರಲ್ಲಿ ಹೇಳಿತು, ಆದರೆ ಆ ಟ್ರೇಗಳಲ್ಲಿ ಮಣ್ಣಿತ್ತು. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯವನ್ನು ಕೃಷಿ ಆದಾಯವೆಂದೇ ಪರಿಗಣಿಸುವ ವಿವರಣೆಯನ್ನು 2008ರ ಹಣಕಾಸು ಕಾಯ್ದೆ ಸೇರಿಸಿತು. ನಿಮ್ಮ ಕುಂಡ ಇದರಡಿ ಬರುತ್ತದೆಯೇ ಎಂದು ಮೊದಲ ಬಿಲ್ಲು ಹರಿಯುವ ಮುನ್ನವೇ ಲೆಕ್ಕಪರಿಶೋಧಕರನ್ನು ಕೇಳಿ.

ಸಾಲ ಮಾಡಿ ಆರೂ ಟೇಬಲ್ ಒಂದೇ ಸಲ ಹಾಕಿಸಬೇಡಿ. ಇಎಂಐ ಮೊದಲ ಬ್ಯಾಚಿಗೆ ಕಾಯುವುದಿಲ್ಲ. ಸಬ್ಸಿಡಿ ಕೈಗೆ ಬರುವುದು ಕೆಲಸ ಮುಗಿದು ಪರಿಶೀಲನೆ ಆದ ಮೇಲೆ. ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎನ್ನುವ ಕಂಪನಿ ಎದುರಾದರೆ ದರ, ಅವಧಿ ಮತ್ತು ಕೊಳ್ಳದಿದ್ದರೆ ತೆರುವ ದಂಡ, ಮೂರನ್ನೂ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಮುಂಗಡ ಕೊಡಬೇಡಿ.