ಹೊರಡುವ ಹಕ್ಕಿಗಳ ಲೆಕ್ಕ

ದಕ್ಷಿಣ ಕರ್ನಾಟಕದ ಕೆರೆ, ಬಯಲು, ತೋಟಗಳಲ್ಲಿ ವಸಂತದ ವಲಸೆ ಎಂದರೆ ಮುಖ್ಯವಾಗಿ ಹೊರಡುವ ವಲಸೆ. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದಿಂದ ಇಳಿದು ಬಂದ ಹಕ್ಕಿಗಳು ಫೆಬ್ರುವರಿ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಒಂದೊಂದು ಬಗೆಯಾಗಿ ಜಾಗ ಖಾಲಿ ಮಾಡುತ್ತವೆ. ಯುರೋಪಿನ ಪುಸ್ತಕಗಳಲ್ಲಿ ಮಾರ್ಚ್ ಹಕ್ಕಿ ಬರುವ ತಿಂಗಳು. ಅವನ್ನು ಓದಿಕೊಂಡು ಬೈನಾಕ್ಯುಲರ್ ಹಿಡಿದವರು ಬರುವವುಗಳ ದಾರಿ ಕಾಯುತ್ತ ಹೋಗುವವುಗಳನ್ನು ಗಮನಿಸದೆ ಬಿಡುವುದುಂಟು. ಈ ಲೇಖಕನ ಮೊದಲ ಮಾರ್ಚ್ ಕಳೆದುಹೋದದ್ದೂ ಹಾಗೆಯೇ.

ಮೊದಲು ಹೊರಡುವವುಗಳಲ್ಲಿ ಪಟ್ಟೆತಲೆ ಹೆಬ್ಬಾತು ಒಂದು. ಮೈಸೂರು ಸೀಮೆಯ ಹದಿನಾರು ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆ ಇದರ ಹೆಸರಾಂತ ಚಳಿಗಾಲದ ತಂಗುದಾಣಗಳು. ಮಾಗಡಿ ಕೆರೆ 2024ರಲ್ಲಿ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟುವಾಗ ಇವು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಉಪಕರಣದಲ್ಲಿ ದಾಖಲಾಗಿದೆ. ಆದರೆ ಉದ್ದಕ್ಕೂ ಅಷ್ಟು ಮೇಲೆಯೇ ಇರುವುದಿಲ್ಲ. ಬೆಟ್ಟದ ಏರಿಳಿತವನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಸಾಗುತ್ತವೆ. ತಗ್ಗಿನ ದಟ್ಟ ಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮ ಕಡಿಮೆ.

ಹೆಬ್ಬಾತುಗಳನ್ನು ಎಣಿಸುವಾಗ ಹೊತ್ತು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಹಗಲು ನೀರಿನಲ್ಲಿ, ದಂಡೆಯಲ್ಲಿ ವಿಶ್ರಮಿಸುವ ಇವು ಕತ್ತಲಾಗುತ್ತ ಸುತ್ತಲ ಹೊಲಗದ್ದೆಗಳಿಗೆ ಮೇಯಲು ಹೋಗುತ್ತವೆ. ಒಂದು ಫೆಬ್ರುವರಿಯ ಕೊನೆಯಲ್ಲಿ, ಮುಸ್ಸಂಜೆಯ ಹೊತ್ತಿಗೆ ಬರಿದಾಗಿದ್ದ ಕೆರೆಯನ್ನು ನೋಡಿ ಈ ಲೇಖಕನ ಟಿಪ್ಪಣಿ ಪುಸ್ತಕದಲ್ಲಿ ‘ಎಲ್ಲವೂ ಹೊರಟವು’ ಎಂಬ ಸಾಲು ಬಿತ್ತು. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅದೇ ಹಿಂಡು ಅದೇ ದಂಡೆಯಲ್ಲಿ ಬೆನ್ನಿನ ಗರಿಯೊಳಗೆ ಕೊಕ್ಕು ಹುದುಗಿಸಿ ನಿದ್ದೆ ಮಾಡುತ್ತಿತ್ತು. ಆ ಸಾಲನ್ನು ಅಳಿಸದೆ ಅಡ್ಡಗೀಟು ಹಾಕಿ ಉಳಿಸಿಕೊಳ್ಳಲಾಗಿದೆ. ಎರಡು ದಿನಗಳ ಎಣಿಕೆಯನ್ನು ಹೋಲಿಸಬೇಕಾದರೆ ಎರಡೂ ದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ಎಣಿಸಿರಬೇಕು.

ಬಾತುಗಳದು ಬೇರೆ ಪಾಠ. ಬಿಳಿಹುಬ್ಬಿನ ಬಾತಿನ ಗಂಡು ಅಕ್ಟೋಬರಿನಲ್ಲಿ ಬಂದಿಳಿದಾಗ ಹೆಣ್ಣಿನಂತೆಯೇ ಮಾಸಲು ಕಂದು. ಹೆಸರಿಗೆ ಕಾರಣವಾದ ಅಗಲ ಬಿಳಿ ಹುಬ್ಬು ಅಚ್ಚುಕಟ್ಟಾಗಿ ಮೂಡುವುದು ಚಳಿಗಾಲ ಸರಿಯುವಾಗ. ಹೊಸಬರಿಗೆ ಬಾತುಗಳನ್ನು ಗುರುತಿಸಲು ಫೆಬ್ರುವರಿಗಿಂತ ಸುಲಭದ ತಿಂಗಳಿಲ್ಲ. ಜೋಡಿ ಕೂಡುವುದೂ ಬಹುಪಾಲು ಇಲ್ಲಿಯೇ ಶುರುವಾಗುತ್ತದೆ. ಗಂಡು ಕತ್ತನ್ನು ಬೆನ್ನಿಗೆ ತಾಗುವಂತೆ ಹಿಂದಕ್ಕೆ ಎಸೆದು, ಮರದ ಗಿಲಕಿ ತಿರುಗಿಸಿದಂಥ ಸದ್ದು ಹೊರಡಿಸುತ್ತದೆ. ಸೂಜಿಬಾಲದ ಬಾತುಗಳೂ ಇದೇ ಕಾಲದಲ್ಲಿ ಒಂದೇ ಹೆಣ್ಣಿನ ಹಿಂದೆ ನಾಲ್ಕೈದು ಗಂಡುಗಳು ಈಜುವ ಗುಂಪುಗಳಾಗಿ ಒಡೆಯುತ್ತವೆ.

ಬಣ್ಣ ತಿರುಗುವುದನ್ನು ಹತ್ತಿರದಿಂದ ನೋಡಲು ಹಳದಿ ಸಿಪಿಲೆಯಷ್ಟು ಒಳ್ಳೆಯ ಹಕ್ಕಿ ಇಲ್ಲ. ಚಳಿಗಾಲವಿಡೀ ಕೆರೆಯಂಗಳದ ಹುಲ್ಲಿನಲ್ಲಿ, ದನಗಳ ಕಾಲ ಬಳಿ ಬಾಲ ಕುಣಿಸುತ್ತ ಓಡಾಡುವ ಇವುಗಳಲ್ಲಿ ಹಲವು ಬೂದು ಬಣ್ಣದವು. ಎಳೆಯವಂತೂ ಹಳದಿ ಎನ್ನಲು ನಾಚಬೇಕಾದಷ್ಟು ಪೇಲವ. ಮಾರ್ಚ್ ಮುಗಿಯುವಾಗ ಹೊಟ್ಟೆ ಅರಿಸಿನ ಮೆತ್ತಿದಂತಾಗುತ್ತದೆ, ಗಂಡುಗಳ ತಲೆ ಒಂದು ಉಪಜಾತಿಯಲ್ಲಿ ಬೂದು, ಇನ್ನೊಂದರಲ್ಲಿ ಅಚ್ಚ ಕಪ್ಪು. ಎರಡರ ಸಂತಾನ ನೆಲೆಗಳೂ ಬೇರೆ. ನವೆಂಬರಿನಲ್ಲಿ ‘ಉಪಜಾತಿ ಇಂಥದು’ ಎಂದು ಬರೆದುಕೊಂಡ ದಾಖಲೆಗಳಲ್ಲಿ ಬಹುಪಾಲು ಊಹೆ. ಏಪ್ರಿಲ್ ಮೊದಲ ವಾರದವನ್ನು ನೆಚ್ಚಬಹುದು.

ಹೊಸಬರನ್ನೂ ನಿಲ್ಲಿಸಿ ನೋಡಿಸುವ ಹಕ್ಕಿ ಗುಲಾಬಿ ಕಬ್ಬಕ್ಕಿ. ಫೆಬ್ರುವರಿ, ಮಾರ್ಚ್‌ನಲ್ಲಿ ಮುತ್ತುಗ, ಬೂರುಗ, ಹಾಲುವಾಣ ಹೂ ಬಿಟ್ಟಾಗ ಇವುಗಳ ಹಿಂಡು ಮರವನ್ನೇ ಮುತ್ತುತ್ತದೆ. ಮಕರಂದಕ್ಕೆ ಮುಖ ತೂರಿಸಿದ ಹಕ್ಕಿಯ ಹಣೆಗೆ ಪರಾಗ ಮೆತ್ತಿಕೊಂಡಿರುತ್ತದೆ. ಅದನ್ನು ಹಕ್ಕಿಯ ಸ್ವಂತ ಬಣ್ಣವೆಂದು ತಿಳಿದು ಪುಸ್ತಕದಲ್ಲಿ ಹುಡುಕಿ ಸೋತವರಿದ್ದಾರೆ. ಏಪ್ರಿಲ್ ಹೊತ್ತಿಗೆ ಇವು ಮಧ್ಯ ಏಷ್ಯಾದ ಹುಲ್ಲುಗಾವಲುಗಳತ್ತ ಹೊರಡುತ್ತವೆ. ಅಲ್ಲಿ ಮಿಡತೆ ಹೇರಳವಾಗಿರುವ ಕಡೆ ಗುಂಪಾಗಿ ಮರಿ ಮಾಡಿ, ಮಳೆಗಾಲ ಮುಗಿಯುವ ಮೊದಲೇ ಭಾರತಕ್ಕೆ ಮರಳತೊಡಗುತ್ತವೆ.

ಉಲಿಯಕ್ಕಿಗಳನ್ನು ಕಣ್ಣಿಗಿಂತ ಕಿವಿಯಿಂದ ಹಿಡಿಯುವುದು ಮೇಲು. ಹಸಿರು ಎಲೆ ಉಲಿಯಕ್ಕಿ ಮರದ ನೆತ್ತಿಯಲ್ಲಿ ‘ಚಿ-ವೀ’ ಎನ್ನುತ್ತದೆ. ಬ್ಲೈತನ ಜೊಂಡು ಉಲಿಯಕ್ಕಿ ಹೆಸರಿಗೆ ಜೊಂಡಿನದಾದರೂ ಬೇಲಿ, ಲಂಟಾನ ಪೊದೆಗಳೊಳಗಿಂದ ‘ಚಕ್’ ಎಂದು ಸದ್ದು ಮಾಡುತ್ತದೆ. ಚಳಿಗಾಲವಿಡೀ ಈ ಒಂದೇ ಮಾತು. ಹೊರಡುವ ಮುನ್ನಿನ ವಾರಗಳಲ್ಲಿ ಮಾತ್ರ ಅದೇ ಪೊದೆಯಿಂದ ತುಂಡು ತುಂಡಾದ ಹಾಡು ಕೇಳಿಬರುತ್ತದೆ. ಅದನ್ನು ಯಾವುದೋ ಹೊಸ ಹಕ್ಕಿ ಎಂದು ಅರ್ಧ ದಿನ ಹುಡುಕಿ, ಕೊನೆಗೆ ಐದು ತಿಂಗಳಿಂದ ನೆರೆಯಲ್ಲೇ ಇದ್ದದ್ದನ್ನು ಕಂಡು ಬೇಸ್ತು ಬೀಳುವುದು ಈ ಹವ್ಯಾಸದ ಮಾಮೂಲು ಅನುಭವ.

ದೊಡ್ಡ ಹಕ್ಕಿಗಳೆಲ್ಲ ವಿದೇಶಿ ಎಂಬ ನಂಬಿಕೆ ಇನ್ನೊಂದು ತೊಡಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೆ ಪ್ರತಿವರ್ಷ ಯಾರಾದರೂ ಸೈಬೀರಿಯಾದ ವಿಳಾಸ ಕೊಡುತ್ತಾರೆ. ಅವು ಭಾರತದ್ದೇ ಹಕ್ಕಿಗಳು. ನೀರು, ಮೀನು ಹುಡುಕಿಕೊಂಡು ದೇಶದೊಳಗೇ ಓಡಾಡುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬರುವುದು ಅಂಗಳದ ಬೇಲಿಯಲ್ಲಿರುವ ಗುಬ್ಬಿಗಿಂತಲೂ ಚಿಕ್ಕದಾದ ಉಲಿಯಕ್ಕಿ. ಹೊರಡುವ ಋತುವಿನಲ್ಲಿಯೇ ಬರುವವೂ ಉಂಟು. ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಬೇಸಿಗೆಯ ಮೊದಲಲ್ಲಿ ಸೇರಿ, ಮಣ್ಣಿನ ದಿಬ್ಬ ಕೊರೆದು ಬಿಲದಲ್ಲಿ ಮೊಟ್ಟೆ ಇಡುತ್ತವೆ. ಮಣ್ಣು ತೆಗೆಯುವವರಿಗೆ ಆ ದಿಬ್ಬ ಬರೀ ಮಣ್ಣು.

ವಸಂತದ ದಾಖಲೆಯಲ್ಲಿ ನಿಜವಾದ ಕಷ್ಟ ಕೊನೆಯ ದಿನದ್ದು. ಮೊದಲು ಕಂಡ ದಿನ ಆ ದಿನವೇ ಗೊತ್ತಾಗುತ್ತದೆ. ಕೊನೆಗೆ ಕಂಡ ದಿನ ಗೊತ್ತಾಗುವುದು ವಾರಗಳ ಮೇಲೆ, ಅದೂ ನಡುವೆ ಹೋಗಿ ನೋಡಿ ಏನೂ ಸಿಗದ ದಿನಗಳನ್ನು ಬರೆದಿಟ್ಟಿದ್ದರೆ ಮಾತ್ರ. ಕಂದು ಕಳಿಂಗ ಏಪ್ರಿಲ್ 9ರಂದು ಕಂಡಿತು, ಆಮೇಲೆ ಆ ಬೇಲಿಯತ್ತ ಯಾರೂ ಹೋಗಲಿಲ್ಲ ಎಂದಾದರೆ, ಅದು ಹಕ್ಕಿ ಹೊರಟ ದಿನವಲ್ಲ, ನೋಡುವವನು ನಿಲ್ಲಿಸಿದ ದಿನ. 2002ರಲ್ಲಿ ಆರಂಭವಾದ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ಪೂರ್ಣ ಪಟ್ಟಿ ಕೊಡಿ ಎಂದು ಕೇಳುವುದರ ಅರ್ಥವೂ ಇದೇ: ಗುರುತಿಸಿದ ಎಲ್ಲ ಹಕ್ಕಿಯನ್ನೂ ಬರೆದ ಪಟ್ಟಿಯಲ್ಲಿ ಒಂದು ಹೆಸರು ಇಲ್ಲದಿರುವುದೂ ಮಾಹಿತಿ.

ಮೇ ತಿಂಗಳಲ್ಲಿಯೂ ಅಲ್ಲೊಂದು ಇಲ್ಲೊಂದು ವಲಸೆ ಹಕ್ಕಿ ಉಳಿದಿರುತ್ತದೆ. ರೆಕ್ಕೆ ಜೋತ ಬಾತು, ಕುಂಟುವ ಗೊರವದಂಥವು ಹೋಗಲಾರದೆ ಉಳಿದವು. ಅಘನಾಶಿನಿಯಂಥ ಅಳಿವೆಗಳಲ್ಲಿ ಸಿಗುವ ಕೆಲವು ಎಳೆಯ ಗೊರವಗಳಿಗೆ ಯಾವ ಗಾಯವೂ ಇರುವುದಿಲ್ಲ. ಮೊದಲ ಬೇಸಿಗೆಯಲ್ಲಿ ಅವು ಮರಿ ಮಾಡುವುದಿಲ್ಲವಾದ್ದರಿಂದ ಉತ್ತರಕ್ಕೆ ಹೊರಡುವುದೇ ಇಲ್ಲ. ಜೂನಿನಲ್ಲಿ ಕಂಡ ಇಂಥ ಹಕ್ಕಿಯನ್ನು ಮುಂದಿನ ಚಳಿಗಾಲದ ಮೊದಲ ಅತಿಥಿ ಎಂದು ಬರೆಯಬಾರದು.